ನಮ್ಮ ಮನೆಯೂ ಒಂದು ಕೆಲಸದ ಸ್ಥಳ

ಬೆಳಗಾವಿಯ ಮಹಾಂತೇಶ ನಗರದಂತಹ ಬಡಾವಣೆಗಳಲ್ಲಿ ಬೆಳಗಾಗುತ್ತಲೇ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೊರಡುತ್ತಾರೆ. ಮೂರು-ನಾಲ್ಕು ಮನೆಗಳ ಕಸ ಗುಡಿಸಿ, ಪಾತ್ರೆ ತಿಕ್ಕಿ ಮರಳುತ್ತಾರೆ. ಆ ಮನೆಗಳಲ್ಲಿ ನಿಮ್ಮದೂ ಒಂದಿರಬಹುದು. ಕಾನೂನಿನ ದೃಷ್ಟಿಯಲ್ಲಿ ಅದು ಕೆಲಸದ ಸ್ಥಳವೆಂಬುದನ್ನು ಬಲ್ಲಿರಾ?

ಕೆಲಸದ ಸ್ಥಳದ ಲೈಂಗಿಕ ಕಿರುಕುಳವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ಕಚೇರಿ. ಆದರೆ ಈ ಕಾನೂನಿನ ಚರಿತ್ರೆ ಆರಂಭವಾದುದು ಒಂದು ಹಳ್ಳಿಯಲ್ಲಿ. ರಾಜಸ್ಥಾನದ ಭಟೇರಿಯ ಭಂವರಿ ದೇವಿ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದರು. ಬಾಲ್ಯವಿವಾಹವೊಂದನ್ನು ತಡೆಯಲು ಯತ್ನಿಸಿದ್ದಕ್ಕಾಗಿ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರವೆಸಗಲಾಯಿತೆಂದು 1992ರಲ್ಲಿ ದೂರಿತ್ತರು. 1995ರಲ್ಲಿ ವಿಚಾರಣಾ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಆದರೂ ಆಕೆ ಮೌನವಾಗಲಿಲ್ಲ. ಈ ಘಟನೆಯ ಹಿನ್ನೆಲೆಯಲ್ಲಿ ‘ವಿಶಾಖಾ’ ಮೊದಲಾದ ಸಂಘಟನೆಗಳು ಸಲ್ಲಿಸಿದ ಅರ್ಜಿಯ ಮೇಲೆ 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು, ದುಡಿಯುವ ಮಹಿಳೆಯ ಘನತೆಯನ್ನು ಕಾಯುವುದು ಉದ್ಯೋಗದಾತನ ಹೊಣೆಯೆಂದು ಸಾರಿತು.

ಅನಂತರ ಬಂದ 2010ರ ಮಸೂದೆ ಮನೆಗೆಲಸದವರನ್ನು ಹೊರಗಿಟ್ಟಿತ್ತು. ಹಳ್ಳಿಯ ಹೆಣ್ಣೊಬ್ಬಳ ನೋವಿನಿಂದ ಹುಟ್ಟಿದ ಕಾನೂನು ಬಡವಳನ್ನೇ ಮರೆತಿತ್ತು! ವಿರೋಧ ಎದ್ದಿತು; ಸಂಸದೀಯ ಸ್ಥಾಯಿ ಸಮಿತಿಯೂ ಅವರನ್ನು ಸೇರಿಸಲು ಹೇಳಿತು. 2013ರ ಕಾಯಿದೆ ಅವರನ್ನು ಒಳಗೊಂಡು ಅದೇ ವರ್ಷ ಡಿಸೆಂಬರ್ 9ರಂದು ಜಾರಿಗೆ ಬಂತು.

ಬೇಡವೆನಿಸುವ ಸ್ಪರ್ಶ, ಅಶ್ಲೀಲ ಮಾತು, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ ತೋರಿಸುವುದು, ಇವೆಲ್ಲ ಕಿರುಕುಳವೇ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಲೇಬೇಕು. ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು; ಸಕಾರಣವಿದ್ದರೆ ಇನ್ನೂ 3 ತಿಂಗಳ ಅವಕಾಶ. ಬರೆಯಲು ಬಾರದವಳಿಗೆ ಬರೆದುಕೊಡಲು ನೆರವಾಗುವುದು ಸಮಿತಿಯ ಕರ್ತವ್ಯ. ಮೇಲ್ನೋಟಕ್ಕೆ ಸತ್ಯಾಂಶ ಕಂಡರೆ, ಮನೆಗೆಲಸದವಳ ದೂರನ್ನು ಸಮಿತಿ 7 ದಿನಗಳೊಳಗೆ ಪೊಲೀಸರಿಗೆ ಕಳುಹಿಸಬೇಕು.

ಪರೀಕ್ಷೆಯಿರುವುದು ನಮಗೆ. ದೂರು ನಮ್ಮ ಮನೆಯವನ ಮೇಲೆಯೇ ಬಂದರೆ? ‘ನಾಳೆಯಿಂದ ಬರಬೇಡ’ ಎಂದು ಬಾಗಿಲು ಮುಚ್ಚುವೆವೇ, ಅವಳ ಮಾತನ್ನು ಕೇಳುವೆವೇ? ಅವಳ ಮೌನ ಒಪ್ಪಿಗೆಯಲ್ಲ. ಕೂಲಿ ಕಳೆದುಕೊಳ್ಳುವ ಭಯವಿರಬಹುದು. ಈ ತಿಂಗಳ ಕೂಲಿ ಕೊಡುವಾಗ, ದೂರು ಕೊಡಲು ಅವಳಿಗೂ ಒಂದು ಸ್ಥಳವಿದೆಯೆಂದು ನೀವೇ ತಿಳಿಸಿರಿ. ಭಟೇರಿಯಿಂದ ಹೊರಟ ನ್ಯಾಯ ನಮ್ಮ ಹೊಸಿಲು ದಾಟುವುದು ಆಗಲೇ.