ಕಾಫಿ ಮಲೆನಾಡಿಗೆ ಗೋಧಿ ಬಂದ ದಾರಿ: ಅಕ್ಕಿಯ ಅಡುಗೆ ಮತ್ತು ಗ್ಲುಟೆನ್ ಇಲ್ಲದ ಪಥ್ಯ

ಚಿಕ್ಕಮಗಳೂರಿನ ಮಲೆಭಾಗ, ಮೂಡಿಗೆರೆ ಹಾಗೂ ಇತ್ತೀಚಿನವರೆಗೆ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸ, ಈ ಮೂರೂ ಸೀಮೆಗಳಲ್ಲಿ ಗುಡ್ಡದ ಇಳಿಜಾರು ಕಾಫಿ, ಏಲಕ್ಕಿ, ಮೆಣಸಿಗೂ, ಗುಡ್ಡಗಳ ನಡುವಣ ತಗ್ಗು ಭತ್ತಕ್ಕೂ ಮೀಸಲಾಗಿ ಬಂದಿವೆ. ಒಣ ಹವೆಯ ಚಳಿಗಾಲವನ್ನೂ ನೀರು ನಿಲ್ಲದ ನೆಲವನ್ನೂ ಬಯಸುವ ಗೋಧಿ ಇಲ್ಲಿನ ಬೆಳೆಯಲ್ಲ. ಹಬ್ಬ, ವ್ರತಗಳಿಗಷ್ಟೇ ಬೇಕಾಗುತ್ತಿದ್ದ ಅದು ಈ ಸೀಮೆಯ ದಿನಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸೀಲಿಯಾಕ್ ಕಾಯಿಲೆಯಿದೆ ಎಂದು ಗೊತ್ತಾಗಿ ಗೋಧಿಯನ್ನು ಜೀವಮಾನವಿಡೀ ಬಿಡಬೇಕಾದವರಿಗೆ ಈ ಚರಿತ್ರೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗೋಧಿ ಯಾವ ಯಾವ ದಾರಿಯಿಂದ ಮನೆಯೊಳಗೆ ಬಂದಿತೆಂದು ತಿಳಿದರೆ ಅದನ್ನು ಎಲ್ಲೆಲ್ಲಿ ತಡೆಯಬೇಕೆಂಬುದೂ ತಿಳಿಯುತ್ತದೆ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ, ಕಲಸಿದ ಹಿಟ್ಟಿಗೆ ಜಿಗುಟನ್ನೂ ಹಿಗ್ಗುವ ಗುಣವನ್ನೂ ಕೊಡುವ ಪ್ರೋಟೀನುಗಳಿಗೆ ಗ್ಲುಟೆನ್ ಎಂದು ಹೆಸರು. ಕೆಲವರ ದೇಹದಲ್ಲಿ ಇದು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವುದರಿಂದ, ಆಹಾರದ ಸತ್ವವನ್ನು ಹೀರಿಕೊಳ್ಳುವ ಸಣ್ಣ ಕರುಳಿನ ಬೆರಳಿನಾಕಾರದ ಸೂಕ್ಷ್ಮ ರಚನೆಗಳು ಸವೆದುಹೋಗಿ, ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಇದೇ ಸೀಲಿಯಾಕ್ ಕಾಯಿಲೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಲಕ್ಷಣಗಳನ್ನು ಸ್ಪಷ್ಟವಾಗಿ ದಾಖಲಿಸಿದರೂ ಅದರ ಮೂಲ ಗೋಧಿಯಲ್ಲಿದೆ ಎಂಬುದನ್ನು ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ನೆದರ್ಲೆಂಡ್ಸಿನ 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ ಸಿಗದೆ ಹೋದಾಗ ಸುಧಾರಿಸಿದ ಇಂಥ ಮಕ್ಕಳು ಬ್ರೆಡ್ ಮತ್ತೆ ದೊರೆತಾಗ ಹಾಸಿಗೆ ಹಿಡಿದದ್ದು ಅವರ ಬಹುಕಾಲದ ಗುಮಾನಿಯನ್ನು ಗಟ್ಟಿಗೊಳಿಸಿತು, ಮತ್ತು 1950ರ ಅವರ ಪ್ರಬಂಧದಲ್ಲಿ ಅದು ಶಾಸ್ತ್ರೀಯ ರೂಪ ಪಡೆಯಿತು. ಭಾರತದ ಮೂರು ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವು ಉತ್ತರದ ವಯಸ್ಕರಲ್ಲಿ ಸುಮಾರು ಶೇ. 1.2ರಷ್ಟು ಜನರಿಗೂ ದಕ್ಷಿಣದಲ್ಲಿ ಶೇ. 0.1ರಷ್ಟು ಜನರಿಗೂ ಈ ಕಾಯಿಲೆಯಿರುವುದನ್ನು ಕಂಡಿತು. ಕಾಯಿಲೆಗೆ ಎಡೆಮಾಡಿಕೊಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದು, ಎದ್ದುಕಂಡ ವ್ಯತ್ಯಾಸವಿದ್ದದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ.

ಮಲೆನಾಡಿನ ಅಡುಗೆ ಗ್ಲುಟೆನ್ನಿನ ಹಂಗಿಲ್ಲದೆ ಬೆಳೆದದ್ದರ ಗುರುತು ಅದರ ವಿಧಾನಗಳಲ್ಲೇ ಇದೆ. ಅಕ್ಕಿ ಹಿಟ್ಟಿಗೆ ತಾನಾಗಿ ಅಂಟಿಕೊಳ್ಳುವ ಗುಣವಿಲ್ಲದ ಕಾರಣ ಕುದಿಯುವ ನೀರಿಗೆ ಹಿಟ್ಟು ಸುರಿದು ಉಕ್ಕರಿಸಿ, ಬಿಸಿಯಿರುವಾಗಲೇ ನಾದಿ ರೊಟ್ಟಿ ತಟ್ಟುತ್ತಾರೆ. ಬಿಸಿಗೆ ಬೆಂದು ಉಬ್ಬಿದ ಪಿಷ್ಟವೇ ಇಲ್ಲಿ ಗ್ಲುಟೆನ್ನಿನ ಕೆಲಸ ಮಾಡುತ್ತದೆ, ಮತ್ತು ಉಳಿದ ಅನ್ನವನ್ನು ಹಿಟ್ಟಿನೊಡನೆ ಕಲಸುವ ರೂಢಿಯ ಹಿಂದಿರುವುದೂ ಇದೇ ತತ್ವ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಡುವ ಕಡುಬು, ಬೆಂದ ಉಂಡೆಯನ್ನು ಒರಳಿನಲ್ಲಿ ಒತ್ತಿ ತೆಗೆಯುವ ಒತ್ತು ಶ್ಯಾವಿಗೆ, ತೆಳ್ಳಗೆ ಹೊಯ್ಯುವ ನೀರುದೋಸೆ, ಕೆಸುವಿನೆಲೆಗೆ ಅಕ್ಕಿಯ ಹಿಟ್ಟು ಸವರಿ ಬೇಯಿಸುವ ಪತ್ರೊಡೆ, ಅರಿಸಿನ ಎಲೆಯ ಕಡುಬು, ಇವೆಲ್ಲ ಈ ಜ್ಞಾನದ ಬೇರೆ ಬೇರೆ ರೂಪಗಳು. ಕರಾವಳಿಯಿಂದ ಘಟ್ಟ ಹತ್ತಿ ಬಂದು ತೋಟಗಳಲ್ಲಿ ನೆಲೆಸಿದ ಬ್ಯಾರಿಗಳ ಪತ್ತಿರಿ, ಕ್ರೈಸ್ತರ ಸಾನ್ನ, ಕೂಲಿಗೆ ಬಂದವರ ಕುಚ್ಚಲಕ್ಕಿ ಗಂಜಿ, ಬಯಲುಸೀಮೆಯವರು ತಂದ ರಾಗಿಮುದ್ದೆ ಸೇರಿ, ತೋಟದ ಕೂಲಿಯವರಿಗಾಗಿ ಕಟ್ಟಿದ ಲೈನ್‌ ಮನೆಗಳ ಊಟವೂ ಬಹುಮಟ್ಟಿಗೆ ಗೋಧಿಯಿಲ್ಲದ್ದೇ ಆಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಇಲ್ಲಿ ಎಸ್ಟೇಟುಗಳನ್ನು ಕಟ್ಟಿದಾಗ ಬ್ರೆಡ್ಡು, ಬಿಸ್ಕತ್ತು, ಕೇಕುಗಳು ಬಂಗಲೆಯ ಮೇಜಿಗೆ ಬಂದವಾದರೂ ಊರಿನ ಊಟವನ್ನು ಅವು ಹೆಚ್ಚು ಬದಲಿಸಲಿಲ್ಲ. ಬದಲಾವಣೆಯ ಹಿಂದೆ ಇದ್ದದ್ದು ಅಕ್ಕಿಯ ಅಭಾವ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತುಹೋದ ಮೇಲೆ ದಕ್ಷಿಣದ ಊಟದೊಳಕ್ಕೆ ಗೋಧಿ ಬರತೊಡಗಿತು. ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳಿಕೊಂಡು ಬಂದಿರುವಂತೆ ರವೆ ಇಡ್ಲಿ ಹುಟ್ಟಿದ್ದೂ ಆ ಯುದ್ಧಕಾಲದ ಅಕ್ಕಿಯ ಕೊರತೆಯಲ್ಲೇ. ಅಮೆರಿಕದ ಆಹಾರ ನೆರವಿನ 1954ರ ಪಿಎಲ್ 480 ಕಾನೂನಿನಡಿ, ಭಾರತದೊಡನೆ 1956ರಲ್ಲಿ ಆದ ಒಪ್ಪಂದದ ಫಲವಾಗಿ ಬಂದ ಗೋಧಿ ದೇಶದ ಪಡಿತರ ವ್ಯವಸ್ಥೆಯನ್ನು ತುಂಬಿತು, ಅರವತ್ತರ ದಶಕದ ಬರಗಾಲಗಳಲ್ಲಿ ಆ ಅವಲಂಬನೆ ಇನ್ನೂ ಹೆಚ್ಚಾಯಿತು, ಅನಂತರ ಹಸಿರುಕ್ರಾಂತಿಯ ಗೋಧಿ ಅದರ ಜಾಗಕ್ಕೆ ಬಂತು. ಹೋಟೆಲಿನ ಪೂರಿ, ಉಪ್ಪಿಟ್ಟು, ಪರೋಟ, ಪೇಟೆಯ ಬೇಕರಿಯ ಬನ್ನು, ಪಫ್ಸುಗಳು ಈ ಮಾರ್ಪಾಡನ್ನು ನಾಲಗೆಯ ಅಭ್ಯಾಸವಾಗಿಸಿದವು. ಸಕ್ಕರೆ ಕಾಯಿಲೆಯವರಿಗೆ ಚಪಾತಿಯೇ ಲೇಸೆಂಬ ನಂಬಿಕೆಯೂ ಅದಕ್ಕೆ ಒತ್ತಾಸೆಯಾಯಿತು.

ಹಬ್ಬ, ವ್ರತಗಳಲ್ಲಿ ಗೋಧಿಯ ನೆಲೆ ಇದಕ್ಕಿಂತ ಹಳೆಯದು. ಹೋಳಿಗೆಯ ಕಣಕ, ಚಿರೋಟಿ, ಗೋಧಿ ಪಾಯಸಗಳು ಮದುವೆಯೂಟದ ಗೌರವದ ಭಕ್ಷ್ಯಗಳು. ಅಕ್ಕಿಯ ಅನ್ನವನ್ನು ಬಿಡುವ ಏಕಾದಶಿಯಂದು ಹಲವು ಮನೆಗಳಲ್ಲಿ ಗೋಧಿ ರವೆಯ ಉಪ್ಪಿಟ್ಟೇ ಫಲಾಹಾರ. ಪ್ರಸಾದವನ್ನು ಬೇಡವೆನ್ನಲು ಮನಸ್ಸು ಬಾರದ ಕಾರಣ ಸೀಲಿಯಾಕ್ ಇರುವವರಿಗೆ ಅತ್ಯಂತ ಕಷ್ಟದ ಸಂದರ್ಭವೂ ಇದೇ. ಆದರೆ ಸಂಪ್ರದಾಯದೊಳಗೇ ಇದಕ್ಕೆ ಅವಕಾಶವಿದೆ: ಸತ್ಯನಾರಾಯಣ ವ್ರತಕಥೆಯು ಪ್ರಸಾದವಾದ ಸಪಾದ ಭಕ್ಷ್ಯಕ್ಕೆ ಗೋಧಿಯ ಹಿಟ್ಟನ್ನು ಹೇಳುತ್ತಲೇ ಅದಿಲ್ಲದಿದ್ದರೆ ಅಕ್ಕಿಯ ಹಿಟ್ಟು ಆಗಬಹುದೆಂದೂ ವಿಧಿಸುತ್ತದೆ. ಬಂದವರಿಗೆಲ್ಲ ಊಟವಿಕ್ಕುವ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲೂ ಪಂಕ್ತಿಯ ಆಧಾರ ಅನ್ನವೇ, ವಿಚಾರಿಸಿಕೊಳ್ಳಬೇಕಾದದ್ದು ಆ ದಿನದ ಪಾಯಸ, ಸಿಹಿಗಳ ವಿಷಯದಲ್ಲಿ.

ಪಥ್ಯ ಹಿಡಿದ ಮನೆಯಲ್ಲಿ ಚಪಾತಿ, ಬ್ರೆಡ್ಡುಗಳನ್ನು ಗುರುತಿಸಿ ಬಿಡುವುದು ಸುಲಭ, ಕಣ್ಣಿಗೆ ಕಾಣದ ಗೋಧಿಯನ್ನು ಹುಡುಕುವುದು ಕಷ್ಟ. ಅಂಗಡಿಯ ಮಿಶ್ರ (ಕಾಂಪೌಂಡೆಡ್) ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುವುದರಿಂದ ಸಾರಿನ ಪುಡಿ, ಉಪ್ಪಿನಕಾಯಿ, ಹಪ್ಪಳಗಳೂ ಸಂದೇಹಕ್ಕೆ ಒಳಗಾಗುತ್ತವೆ. ಸೋಯಾ ಸಾಸಿನಲ್ಲಿ ಗೋಧಿಯೂ, ಹಾಲಿಗೆ ಬೆರೆಸುವ ಹಲವು ಮಾಲ್ಟ್ ಪುಡಿಗಳಲ್ಲಿ ಬಾರ್ಲಿಯೂ ಇರುತ್ತವೆ. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ ಅಕ್ಕಿ, ರಾಗಿ ಹಿಟ್ಟುಗಳಿಗೂ, ಚಪಾತಿಯ ಕಾವಲಿಯಲ್ಲೇ ಬೆಂದ ರೊಟ್ಟಿಗೂ ಗ್ಲುಟೆನ್ ಅಂಟುತ್ತದೆ. ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ನಿಗದಿಪಡಿಸಿರುವುದನ್ನು ನೋಡಿದರೆ ಎಚ್ಚರ ಎಷ್ಟು ಸೂಕ್ಷ್ಮವಾಗಿರಬೇಕೆಂಬುದು ತಿಳಿಯುತ್ತದೆ. ಅಕ್ಕಿ ತೊಳೆದು, ನೆನೆಸಿ, ಮನೆಯಲ್ಲೇ ರುಬ್ಬುವ ಹಳೆಯ ಕ್ರಮ ಈ ಅಪಾಯಗಳಲ್ಲಿ ಬಹಳಷ್ಟನ್ನು ತಪ್ಪಿಸುತ್ತದೆ. ಈ ಸೀಮೆಯ ಫಿಲ್ಟರ್ ಕಾಫಿಗೂ ಅದರಲ್ಲಿ ಬೆರೆಯುವ ಚಿಕೋರಿಗೂ ಗ್ಲುಟೆನ್ನಿನ ಸಂಬಂಧವಿಲ್ಲ.

ದಕ್ಷಿಣದಲ್ಲಿ ಈ ಕಾಯಿಲೆ ಅಪರೂಪವೆಂಬ ಕಾರಣಕ್ಕೇ ವೈದ್ಯರಿಗೂ ಮನೆಯವರಿಗೂ ಅದರ ನೆನಪು ತಡವಾಗಿ ಬರುವ ಸಂಭವವಿದೆ, ಮತ್ತು ಸಂದೇಹ ಬಂದವರು ರಕ್ತಪರೀಕ್ಷೆಗೆ ಹಾಗೂ ಕರುಳಿನ ತುಣುಕಿನ ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆಯಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದಾದ್ದರಿಂದ ಪರೀಕ್ಷೆಯ ನಂತರವೇ ಪಥ್ಯ ಆರಂಭವಾಗಬೇಕು. ರೋಗ ಖಚಿತವಾದವರಿಗೆ, ಊಟವೇ ಅಕ್ಕಿಯದಾದ ಈ ಸೀಮೆಯಲ್ಲಿ ಗ್ಲುಟೆನ್ ರಹಿತ ದುಬಾರಿ ಪೊಟ್ಟಣಗಳ ಮೊರೆಹೋಗುವ ಅಗತ್ಯ ಕಡಿಮೆ. 2013ರಿಂದ ಅನ್ನಭಾಗ್ಯ ಯೋಜನೆಯ ಅಕ್ಕಿಯೂ ಬಡ ಕುಟುಂಬಗಳಿಗೆ ಆಸರೆಯಾಗಿದೆ. ಆದರೆ ಆಳು ಸಿಗದೆ, ಖರ್ಚು ಹುಟ್ಟದೆ ಮಲೆನಾಡಿನ ಗದ್ದೆಗಳು ಅಡಿಕೆ, ಶುಂಠಿಗೆ ತಿರುಗುತ್ತಿವೆ, ಇಲ್ಲವೇ ಪಾಳು ಬೀಳುತ್ತಿವೆ. ಉಕ್ಕರಿಸಿ ನಾದುವ ಕೈಗಳೂ ಕಡಿಮೆಯಾಗುತ್ತಿವೆ. ಊರಿನ ಗಿರಣಿಯಲ್ಲಿ ಅಕ್ಕಿ, ರಾಗಿಗೆ ಬೇರೆ ಕಲ್ಲು, ಸಮಾರಂಭದ ಅಡುಗೆಯಲ್ಲಿ ಅಕ್ಕಿಯದೇ ಆದ ಒಂದು ಸಿಹಿ, ಶಾಲೆಯ ಬಿಸಿಯೂಟದಲ್ಲಿ ಇಂಥ ಮಗುವಿಗೊಂದು ಬೇರೆ ಪಾತ್ರೆ, ಇಷ್ಟನ್ನು ಸಮಾಜ ತನ್ನ ಹೊಣೆಯೆಂದು ಒಪ್ಪಿಕೊಂಡರೆ, ಪಥ್ಯದವರು ಪಂಕ್ತಿಯಿಂದ ಏಳಬೇಕಾಗುವುದಿಲ್ಲ.