ಸಮಾಜಶಾಸ್ತ್ರ ವಿದ್ಯಾರ್ಥಿಗಳ ಇಂಟರ್ನ್‌ಶಿಪ್: ವಿದ್ಯಾರ್ಥಿಗಳಿಗೂ ಧರ್ಮಕೇಂದ್ರಗಳಿಗೂ ಮಾಹಿತಿ

ರಜೆ ಹತ್ತಿರವಾದಂತೆ ಕಾಲೇಜಿನ ಪತ್ರ ಹಿಡಿದು ಧರ್ಮಕೇಂದ್ರದ ಕಚೇರಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಕೆಲವರು ಕೆಲಸ ಕೇಳುತ್ತಾರೆ. ಇನ್ನು ಕೆಲವರಿಗೆ ಬೇಕಾದದ್ದು ಸಹಿ ಮತ್ತು ಮೊಹರು ಮಾತ್ರ. ಇಂಟರ್ನ್‌ಶಿಪ್‌ನ ಕ್ರೆಡಿಟ್ ಅಂಕಪಟ್ಟಿಯಲ್ಲಿ ಸೇರುತ್ತದೆ. ಆದ್ದರಿಂದ ಮಾಡದ ಕೆಲಸಕ್ಕೆ ಕೊಡುವ ಪ್ರಮಾಣಪತ್ರವು ಎಂಟನೆಯ ಆಜ್ಞೆ ನಿಷೇಧಿಸುವ ಸುಳ್ಳು ಸಾಕ್ಷಿಯೇ ಆಗುತ್ತದೆ. ಕ್ರಮವಾಗಿ ಏರ್ಪಡಿಸಿದರೆ ಇದೇ ಇಂಟರ್ನ್‌ಶಿಪ್ ವಿದ್ಯಾರ್ಥಿಗೂ ಊರಿಗೂ ಪ್ರಯೋಜನಕಾರಿ.

ಕ್ರೆಡಿಟ್ ಲೆಕ್ಕ

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಹಾಗೂ ನಾಲ್ಕು ವರ್ಷದ ಪದವಿಗೆ 160 ಕ್ರೆಡಿಟ್‌ಗಳು ಬೇಕು. ಇವುಗಳಲ್ಲಿ 2ರಿಂದ 4 ಕ್ರೆಡಿಟ್ ಇಂಟರ್ನ್‌ಶಿಪ್‌ಗೆ ಮೀಸಲು. ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕೆಲಸ. ಅಂದರೆ 2 ಕ್ರೆಡಿಟ್‌ಗೆ 60 ಗಂಟೆ, ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ.

ಕರ್ನಾಟಕ ಸರ್ಕಾರವು 2024-25ನೇ ಸಾಲಿನಿಂದ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮವನ್ನು ಬದಲಿಸಿತು. ಸ್ವಾಯತ್ತ ಕಾಲೇಜುಗಳಲ್ಲಿ ನಿಯಮ ಬೇರೆಯಿರಬಹುದು. ಆದ್ದರಿಂದ ತಮ್ಮ ಸೆಮಿಸ್ಟರಿಗೆ ಎಷ್ಟು ಗಂಟೆ, ಎಷ್ಟು ಕ್ರೆಡಿಟ್ ಎಂಬುದನ್ನು ವಿಭಾಗದ ಮುಖ್ಯಸ್ಥರಿಂದಲೇ ತಿಳಿಯಬೇಕು. ಕೆಲಸ ಮುಗಿಸಿ ಆಮೇಲೆ ಕ್ರೆಡಿಟ್ ಕೇಳುವುದಲ್ಲ, ಮೊದಲು ವಿಭಾಗದ ಒಪ್ಪಿಗೆ ಪಡೆಯಬೇಕು.

ಸ್ಥಳದ ಆಯ್ಕೆ

ಸಮಾಜಶಾಸ್ತ್ರಕ್ಕೆ ಬೇಕಾದದ್ದು ಒಂದು ಪ್ರಶ್ನೆ. ಮಕ್ಕಳು ಗಲ್ಫಿನಲ್ಲಿರುವಾಗ ಊರಿನಲ್ಲಿ ಒಂಟಿಯಾದ ಹಿರಿಯರನ್ನು ಯಾರು ನೋಡಿಕೊಳ್ಳುತ್ತಾರೆ? ಬೀಡಿ ಕಟ್ಟುವ ಮಹಿಳೆಯರ ಸಂಪಾದನೆ ಮನೆಯಲ್ಲಿ ಯಾರ ಕೈಸೇರುತ್ತದೆ? ಮೀನುಗಾರಿಕೆಗೆ ರಜೆಯಿರುವ ಮಳೆಗಾಲದಲ್ಲಿ ಕುಟುಂಬ ಹೇಗೆ ಸಾಗುತ್ತದೆ? ಇಂತಹ ಪ್ರಶ್ನೆಗೆ ತಕ್ಕಂತೆ ವೃದ್ಧಾಶ್ರಮ, ಸ್ವಸಹಾಯ ಸಂಘ, ಗ್ರಾಮ ಪಂಚಾಯತ್ ಅಥವಾ ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯನ್ನು ಆರಿಸಿಕೊಳ್ಳಬಹುದು.

ಬರವಣಿಗೆಯಲ್ಲಿ ಇರಬೇಕಾದದ್ದು

ಆರಂಭ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ, ಮಾಡಬೇಕಾದ ಕೆಲಸ, ಕಾಲೇಜಿನ ಮಾರ್ಗದರ್ಶಕರು, ಸ್ಥಳದಲ್ಲಿ ಮೇಲ್ವಿಚಾರಣೆ ಮಾಡುವವರು, ಪ್ರಯಾಣ ಹಾಗೂ ಊಟದ ಖರ್ಚು ಯಾರದು ಎಂಬುದು: ಇಷ್ಟೂ ಒಪ್ಪಿಗೆ ಪತ್ರದಲ್ಲಿ ಇರಲಿ. ಧರ್ಮಕೇಂದ್ರದವರು ವಿದ್ಯಾರ್ಥಿಯನ್ನು ಹಬ್ಬದ ಕುರ್ಚಿ ಜೋಡಿಸಲು ಮಾತ್ರ ಬಳಸಬಾರದು. ಅದು ಸೇವೆಯಾದೀತು, ಅಧ್ಯಯನವಾಗದು.

ಜನರ ಮಾನ, ಮಕ್ಕಳ ಸುರಕ್ಷತೆ

ನಾವು ಹೆಚ್ಚು ಒತ್ತಿ ಹೇಳಬಯಸುವುದು ಇದನ್ನೇ. ಗುರಿಕಾರರು ಕರೆದುಕೊಂಡು ಹೋದ ವಿದ್ಯಾರ್ಥಿಗೆ ಮನೆಯವರು ಬಾಗಿಲು ತೆರೆಯುವುದು ಚರ್ಚಿನ ಮೇಲಿನ ನಂಬಿಕೆಯಿಂದ. ಅವರು ಹೇಳಿಕೊಂಡ ಸಾಲ, ಕುಡಿತ, ಜಗಳದ ಮಾತು ವಾಳೆಯಲ್ಲಿ ಹರಡಿದರೆ ಆ ನಂಬಿಕೆ ಮತ್ತೆ ಬರುವುದಿಲ್ಲ. ಮಾತನಾಡುವ ಉದ್ದೇಶ ತಿಳಿಸಿ ಒಪ್ಪಿಗೆ ಪಡೆಯಬೇಕು. 'ಬೇಡ' ಎಂದವರನ್ನು ಒತ್ತಾಯಿಸಬಾರದು. ವರದಿಯಲ್ಲಿ ಹೆಸರು ಮತ್ತು ಗುರುತು ಬದಲಿಸಬೇಕು. ಮಕ್ಕಳೊಂದಿಗಿನ ಕೆಲಸಕ್ಕೆ ಹೆತ್ತವರ ಅನುಮತಿ ಬೇಕು, ಹಿರಿಯರೊಬ್ಬರು ಜೊತೆಗಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಲ್ಲಿ ಗೌಪ್ಯತೆಯ ನೆಪ ನಿಲ್ಲದು.

ದಿನಚರಿ ಮತ್ತು ವರದಿ

ಪ್ರತಿದಿನ ಹೋದ ಹೊತ್ತು, ಬಂದ ಹೊತ್ತು, ಕಂಡದ್ದು, ಕೇಳಿದ್ದು ಅಂದೇ ಬರೆದಿಡಬೇಕು. ಮೇಲ್ವಿಚಾರಕರ ಸಹಿಯೂ ವಾರವಾರಕ್ಕೆ ಆಗಲಿ. ಮೈಸೂರು ಮೂಲದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ತಾವು 'ರಾಮಪುರ' ಎಂದು ಕರೆದ ಹಳ್ಳಿಯಲ್ಲಿದ್ದು ಅಧ್ಯಯನ ನಡೆಸಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅವರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ನಾಶವಾದವು. ಬಳಿಕ ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅಷ್ಟು ನೆನಪು ಎಲ್ಲರಿಗಿಲ್ಲ. ಆದ್ದರಿಂದ ಟಿಪ್ಪಣಿಯ ಪ್ರತಿಗಳು ಬೇರೆ ಬೇರೆ ಕಡೆ ಇರಲಿ.

ವರದಿ ಕಾಲೇಜಿಗೆ ಸಲ್ಲಿಕೆಯಾದ ಮೇಲೆ ಅದರ ಸಾರವನ್ನು ಪಾಲನಾ ಮಂಡಳಿಯ ಮುಂದೆಯೂ, ಮಾತಾಡಿದ ಜನರ ಮುಂದೆಯೂ ಕನ್ನಡದಲ್ಲೋ ಕೊಂಕಣಿಯಲ್ಲೋ ಇಡಬೇಕು. ಪ್ರಮಾಣಪತ್ರ ಕೊಡುವ ಧರ್ಮಗುರುಗಳು ದಿನಚರಿಯನ್ನು ಓದಿ, ಗಂಟೆಗಳನ್ನು ಕೂಡಿ ನೋಡಿದ ನಂತರವೇ ಸಹಿ ಹಾಕಲಿ. ಕೆಲಸ ಮಾಡದ ವಿದ್ಯಾರ್ಥಿಗೆ ಇಲ್ಲ ಎನ್ನುವುದು ಕಷ್ಟ. ಆದರೆ ಹತ್ತು ದಿನ ಬಿಸಿಲಿನಲ್ಲಿ ಮನೆಮನೆ ಸುತ್ತಿದ ವಿದ್ಯಾರ್ಥಿಗೆ ನಾವು ಸಲ್ಲಿಸಬೇಕಾದ ನ್ಯಾಯ ಅದೇ.