ರಂಧ್ರಯುತ ದ್ಯುತಿವೇಗವರ್ಧಕಗಳಿಂದ ವರ್ಣದ್ರವ್ಯಗಳ ವಿಘಟನೆ: ಅಳತೆಯ ಪ್ರಶ್ನೆ

ಬಟ್ಟೆಗೆ ಬಣ್ಣ ಹಾಕುವ ಘಟಕಗಳ ತ್ಯಾಜ್ಯನೀರನ್ನು ಬೆಳಕಿನ ನೆರವಿನಿಂದ ಶುದ್ಧಗೊಳಿಸುವ ಸಂಶೋಧನೆಯಲ್ಲಿ ಟೈಟಾನಿಯಂ ಡೈಆಕ್ಸೈಡಿನದು ಮೊದಲ ಸಾಲು. ನೀರಿನ ಬಣ್ಣ ಹೋಯಿತೆಂಬುದಷ್ಟೇ ವರ್ಣದ್ರವ್ಯ ಒಡೆದುಹೋಯಿತು ಎನ್ನಲು ಪುರಾವೆಯಾಗದು. ವಸ್ತುವಿನಲ್ಲಿ ರಂಧ್ರಗಳು ಹೆಚ್ಚಿದಷ್ಟೂ ಈ ಎಚ್ಚರವೂ ಹೆಚ್ಚಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿನ ಶಕ್ತಿಪಟ್ಟಿಗಳ ಅಂತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಹೀಗಾಗಿ ಸುಮಾರು 387 ನ್ಯಾನೋಮೀಟರಿಗಿಂತ ಕಿರಿದಾದ ತರಂಗಾಂತರದ ಬೆಳಕು ಮಾತ್ರ ಅದನ್ನು ಕೆರಳಿಸಬಲ್ಲದು. ಆಗ ಬಿಡುಗಡೆಯಾಗುವ ಎಲೆಕ್ಟ್ರಾನ್ ಆಮ್ಲಜನಕವನ್ನು ಸೇರುತ್ತದೆ. ಅದು ತೆರವು ಮಾಡಿದ ಧನಾವೇಶದ ತಾಣ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಈ ರ‍್ಯಾಡಿಕಲ್ ಕ್ಷಣಜೀವಿ. ಹುಟ್ಟಿದ ಜಾಗದಿಂದ ದೂರ ಹೋಗಲಾರದು. ವರ್ಣದ್ರವ್ಯದ ಅಣುವೇ ಮೇಲ್ಮೈಯ ಹತ್ತಿರ ಬರಬೇಕು. ಅಣುವನ್ನು ಹತ್ತಿರ ಸೆಳೆಯುವ ರಂಧ್ರಗಳಿಗೆ ಬೆಲೆ ಬಂದದ್ದು ಇದರಿಂದಲೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಇಲ್ಲಿ ಗಮನಾರ್ಹ. ಕೆ. ಸಿ. ಪಾಟೀಲರು ಅಲ್ಲಿ ಬೆಳೆಸಿದ ದ್ರಾವಣ ದಹನ ವಿಧಾನದಲ್ಲಿ ಲೋಹದ ನೈಟ್ರೇಟನ್ನು ಗ್ಲೈಸಿನ್‌ನಂತಹ ಇಂಧನದೊಂದಿಗೆ ಕಲಸಿ, ಕಾದ ಕುಲುಮೆಯಲ್ಲಿಟ್ಟರೆ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರನುಗ್ಗುವ ಅನಿಲಗಳು ಪುಡಿಯನ್ನು ಹಗುರಾಗಿ, ರಂಧ್ರಮಯವಾಗಿ ಉಬ್ಬಿಸುತ್ತವೆ. ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹೀಗೆ ತಯಾರಾದ ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನಲ್ಲಿ ವರ್ಣದ್ರವ್ಯಗಳನ್ನು ಮಾರುಕಟ್ಟೆಯಲ್ಲಿ ಸಿಗುವ ಪಿ-25 ಎಂಬ ಟೈಟಾನಿಯಂ ಡೈಆಕ್ಸೈಡ್ ಪುಡಿಗಿಂತ ಬೇಗ ವಿಘಟಿಸಿತು. ದುಬಾರಿ ಸಲಕರಣೆ ಬೇಡದ ಈ ಮಾರ್ಗ ನಮ್ಮ ಬಿಸಿಲಿನ ನಾಡಿಗೆ ಹೇಳಿಮಾಡಿಸಿದಂತಿದೆ.

ಆದರೆ ಮೇಲ್ಮೈ ವಿಸ್ತೀರ್ಣದ ಅಂಕಿಯೊಂದನ್ನೇ ನೆಚ್ಚಿಕೊಳ್ಳಬಾರದು. ಮೆಥಿಲೀನ್ ಬ್ಲೂ ಎಂಬ ವರ್ಣದ್ರವ್ಯದ ಅಣುವಿನ ಉದ್ದ ಒಂದೂವರೆ ನ್ಯಾನೋಮೀಟರಿನ ಆಸುಪಾಸು. ಅಷ್ಟೇ ಅಗಲದ ರಂಧ್ರಗಳು ಲೆಕ್ಕದಲ್ಲಿ ವಿಸ್ತೀರ್ಣ ಹೆಚ್ಚಿಸಿದರೂ ಅಣುವಿಗೆ ಸರಾಗ ದಾರಿ ಕೊಡುವುದಿಲ್ಲ. 2ರಿಂದ 50 ನ್ಯಾನೋಮೀಟರಿನ ಮಧ್ಯಮ ರಂಧ್ರಗಳು ಈ ಕೆಲಸಕ್ಕೆ ಹೆಚ್ಚು ತಕ್ಕವು.

ಇನ್ನೊಂದು ತೊಡಕು ಗಂಭೀರವಾದದ್ದು. ರಂಧ್ರಯುತ ವಸ್ತು ಕತ್ತಲಲ್ಲೂ ಬಣ್ಣವನ್ನು ಮೇಲ್ಮೈಗೆ ಸೆಳೆದುಕೊಂಡು ನೀರನ್ನು ತಿಳಿಯಾಗಿಸುತ್ತದೆ. ಅದು ಅಧಿಶೋಷಣೆಯೇ ಹೊರತು ವಿಘಟನೆಯಲ್ಲ. ಮೆಥಿಲೀನ್ ಬ್ಲೂ ಅಪಕರ್ಷಣೆಗೊಂಡು ಬಣ್ಣವಿಲ್ಲದ ಲ್ಯೂಕೋ ರೂಪ ತಾಳಿದರೂ 664 ನ್ಯಾನೋಮೀಟರಿನ ಬಳಿಯ ಹೀರಿಕೆ ಕುಸಿಯುತ್ತದೆ. ಗಾಳಿ ತಾಗಿದರೆ ಬಣ್ಣ ಮರಳುತ್ತದೆ. ದೃಗ್ಗೋಚರ ಬೆಳಕನ್ನು ವರ್ಣದ್ರವ್ಯವೇ ಹೀರಿ, ತನ್ನ ಎಲೆಕ್ಟ್ರಾನನ್ನು ವೇಗವರ್ಧಕಕ್ಕೆ ದಾಟಿಸಿ ತಾನು ಬಿಳಿಚಿಕೊಳ್ಳುವುದೂ ಉಂಟು. ಇಂತಹ ಫಲಿತಾಂಶವನ್ನು ವೇಗವರ್ಧಕದ ದೃಗ್ಗೋಚರ ಸಾಮರ್ಥ್ಯವೆಂದು ಹೆಸರಿಸುವುದು ತಪ್ಪು.

ಪ್ರಯೋಗಾಲಯದ ಶುದ್ಧ ನೀರಿಗೂ ಬಣ್ಣದ ಘಟಕದ ನೀರಿಗೂ ಅಜಗಜಾಂತರ. ರಿಯಾಕ್ಟಿವ್ ಬಣ್ಣ ಹಾಕುವಾಗ ಉಪ್ಪು, ಸೋಡಾ ಧಾರಾಳವಾಗಿ ಬೀಳುತ್ತವೆ. ಅವುಗಳ ಕ್ಲೋರೈಡ್, ಕಾರ್ಬೊನೇಟ್‌ಗಳು ರ‍್ಯಾಡಿಕಲ್‌ಗಳನ್ನು ನಡುವೆಯೇ ಕಬಳಿಸುತ್ತವೆ. ತಿರುಪ್ಪೂರಿನ ಘಟಕಗಳು ನೊಯ್ಯಲ್ ನದಿಯನ್ನು ಕೆಡಿಸಿದ್ದಕ್ಕೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅವುಗಳನ್ನು ಮುಚ್ಚಲು ಆದೇಶಿಸಿತು. ಅಲ್ಲಿ ಬಣ್ಣದಷ್ಟೇ ಕಾಡಿದ್ದು ಉಪ್ಪು. ದ್ಯುತಿವೇಗವರ್ಧಕ ಉಪ್ಪನ್ನು ತೆಗೆಯಲಾರದು.

ಈ ಕ್ಷೇತ್ರದ ಸಂಶೋಧಕರು ಕತ್ತಲಲ್ಲಾದ ಅಧಿಶೋಷಣೆಯನ್ನು ಬೇರ್ಪಡಿಸಿ ವರದಿ ಮಾಡಲಿ, ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯಲಿ, ಬಣ್ಣವಿಲ್ಲದ ಫಿನಾಲ್‌ನಂತಹ ವಸ್ತುವಿನ ಮೇಲೂ ಪರೀಕ್ಷಿಸಲಿ, ಘಟಕದಿಂದ ನೇರವಾಗಿ ತಂದ ಉಪ್ಪುನೀರಿನಲ್ಲಿ ದೊರೆತ ಫಲಿತಾಂಶವನ್ನೂ ಶುದ್ಧ ನೀರಿನ ಫಲಿತಾಂಶದ ಪಕ್ಕದಲ್ಲೇ ಪ್ರಕಟಿಸಲಿ.